ದೀಪದ ಗೂಡಿಗೆ ಹತ್ತಿದವರು

ನನ್ನ ತವರೂರಿನ ಹಿಂದೆ ಒಂದು ಬಂಡೆ ಇದೆ. ಬೆಟ್ಟ ಎನ್ನುವಷ್ಟು ದೊಡ್ಡದಲ್ಲ, ಬಂಡೆ ಎಂದು ಸುಮ್ಮನಾಗುವಷ್ಟು ಚಿಕ್ಕದೂ ಅಲ್ಲ. ದೇವನಹಳ್ಳಿ ಹತ್ತಿರದ ಆವತಿ ಕಡೆಯಿಂದ ನಮ್ಮೂರಿಗೆ ತಿರುಗಿದರೆ ಮೊದಲು ಕಾಣುವುದೇ ಅದು. ಹಿಂಬದಿಯಿಂದ ಕುರಿಗಳೂ ಹತ್ತುತ್ತವೆ. ಊರಿಗೆ ಮುಖ ಮಾಡಿದ ಕಡೆ ಮಾತ್ರ ಗೋಡೆಯ ಹಾಗೆ ನೆಟ್ಟಗೆ ನಿಂತಿದೆ. ಆ ಗೋಡೆಯ ನಡುವೆ, ಎರಡು ತೆಂಗಿನ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು ಎತ್ತರದಲ್ಲಿ, ಒಂದು ಕಪ್ಪು ಗೂಡು. ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡಲು ಬಿಡುತ್ತಿದ್ದ ಗೂಡಿನಂತೆ ಕಾಣುವುದರಿಂದ ಊರವರು ಅದನ್ನು ದೀಪದ ಗೂಡು ಎನ್ನುತ್ತಾರೆ. ಮೇಲಿನಿಂದ ಇಳಿದು ನೋಡೋಣವೆಂದರೆ ಅದರ ನೆತ್ತಿಯ ಮೇಲೆ ಬಂಡೆ ಸೂರಿನ ಹಾಗೆ ಮುಂದಕ್ಕೆ ಚಾಚಿಕೊಂಡಿದೆ.

ಆ ಗೂಡಿನಲ್ಲಿ ಏನಿದೆ ಎಂಬುದು ನನ್ನ ಬಾಲ್ಯದ ಅತಿ ದೊಡ್ಡ ಪ್ರಶ್ನೆ. ನಾನು ಹುಟ್ಟಿನಿಂದಲೇ ಮೂಗು ತೂರಿಸುವವಳು. ಮುಚ್ಚಿದ ಪಾತ್ರೆ ಕಂಡರೆ ತಟ್ಟೆ ಎತ್ತಿ ನೋಡಬೇಕು, ಇಬ್ಬರು ಪಿಸುಗುಟ್ಟುತ್ತಿದ್ದರೆ ನಡುವೆ ಹೋಗಿ ನಿಲ್ಲಬೇಕು. ಈಗ ದೊಡ್ಡಬಳ್ಳಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ, ಅಂದರೆ ಆ ಚಾಳಿಗೇ ಸಂಬಳ ಬರುತ್ತಿದೆ. ಗೂಡಿನ ವಿಷಯದಲ್ಲಿ ಮಾತ್ರ ಹೊಟ್ಟೆ ಉರಿಯುತ್ತಿತ್ತು, ಏಕೆಂದರೆ ಅದನ್ನು ನೋಡಿದ್ದೇನೆ ಎನ್ನುವ ಮನುಷ್ಯ ನಮ್ಮ ಮನೆಯಲ್ಲೇ ಇದ್ದ. ಅವನು ನಮ್ಮಪ್ಪ.

ಅಪ್ಪನಿಗೆ ಮದುವೆಯಾಗುವುದಕ್ಕೆ ಮುಂಚಿನ ಮಾತು. ಒಂದು ಸಂಜೆ ದನ ಹೊಡೆದುಕೊಂಡು ಬರುತ್ತಿದ್ದ ಕೆಲವರಿಗೆ ಗೂಡಿನ ಅಂಚಿನಲ್ಲಿ ಯಾರೋ ನಿಂತಿದ್ದು ಕಾಣಿಸಿತಂತೆ. ದೆವ್ವ ಎಂದರು ಕೆಲವರು. ಯಾವುದೋ ಹುಡುಗಿಯ ಹಾಗಿತ್ತು ಎಂದರು ಇನ್ನು ಕೆಲವರು. ಊರೆಲ್ಲ ಗುಲ್ಲೆದ್ದಾಗ ಅಪ್ಪ ಅರಳಿಕಟ್ಟೆಯ ಹತ್ತಿರ ಬಂದು, “ಅದು ನಾನೇ ಕಣ್ರಪ್ಪ, ತಲೆ ಮೇಲೆ ಟವಲ್ ಹಾಕ್ಕಂಡಿದ್ದೆ” ಎಂದನಂತೆ. ಹಾಗಾದರೆ ಇನ್ನೊಂದು ಸಲ ಹತ್ತಿ ತೋರಿಸು ಎಂದು ಹಿಡಿದುಕೊಂಡರು. ಕಾಲು ಉಳುಕಿದೆ ಎಂದ ಅಪ್ಪ. ಆ ಉಳುಕು ಇವತ್ತಿನವರೆಗೂ ವಾಸಿಯಾಗಿಲ್ಲ.

ಅಲ್ಲಿಂದ ಅಪ್ಪ ಊರಿನ ಬಾಯಲ್ಲಿ ‘ಬಂಡೆ ಭೂಪ’. ತೆಂಗಿನಕಾಯಿ ಕೀಳಲು ಆಳು ಸಿಗದಿದ್ದರೆ, “ಭೂಪನ್ನ ಕರೀರಿ, ಕಾಲು ಸರಿಹೋಗಿದ್ರೆ ಹತ್ತುತಾನೆ” ಎನ್ನುವರು. ಅಪ್ಪ ನಕ್ಕು ಸುಮ್ಮನಾಗುತ್ತಿದ್ದ. ನನಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಶಾಲೆಯಲ್ಲಿ ಒಬ್ಬ “ನಿಮ್ಮಪ್ಪ ಸುಳ್ಳ” ಎಂದದ್ದಕ್ಕೆ ಸ್ಲೇಟಿನಿಂದ ಅವನ ತಲೆಗೆ ಬಾರಿಸಿದ್ದೆ. ಅದಕ್ಕೆ ನನಗೆ ಇವತ್ತಿಗೂ ಬೇಜಾರಿಲ್ಲ. ಆದರೆ ಒಳಗೊಳಗೇ ನನಗೂ ಅನುಮಾನವಿತ್ತು. ಅಪ್ಪ ಬೇರೆ ಯಾವ ವಿಷಯಕ್ಕೂ ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಈ ಒಂದು ಮಾತು ಸುಳ್ಳಾಗಿಬಿಟ್ಟರೆ ಅವನು ಹೇಳಿದ ಉಳಿದ ಮಾತುಗಳನ್ನೆಲ್ಲ ಏನು ಮಾಡಲಿ ಎಂಬುದು ನನ್ನ ಸಂಕಟವಾಗಿತ್ತು.

ಅಮ್ಮನನ್ನು ಕೇಳಿದರೆ ಉತ್ತರ ಒಂದೇ. “ನಿಮ್ಮಪ್ಪ ಅಟ್ಟದ ಏಣಿ ಹತ್ತೋಕೇ ಹೆದರ್ತಾರೆ, ಇನ್ನು ಬಂಡೆ ಹತ್ತುತಾರಾ?” ಅಮ್ಮ ಅದೇ ಊರಿನವಳು, ಅಪ್ಪನ ಸೋದರಮಾವನ ಮಗಳು. ಗುಲ್ಲೆದ್ದಾಗ ಅವಳೂ ಊರಲ್ಲೇ ಇದ್ದ ಕನ್ಯೆ. ಕಟ್ಟಿಕೊಂಡ ಹೆಂಡತಿಯೇ ಹೀಗೆ ಹೇಳಿದ ಮೇಲೆ ಅಪ್ಪನ ಪರ ವಾದಿಸಲು ನನಗೆ ಏನೂ ಉಳಿಯುತ್ತಿರಲಿಲ್ಲ.

ಇದರಿಂದ ಅವರಿಬ್ಬರಿಗೆ ಜಗಳವೇನೂ ಇರಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಪಡಸಾಲೆಯಲ್ಲಿ ಚೌಕಾಬಾರ ಆಡುತ್ತಾರೆ. ಈಗಲೂ, ತಮ್ಮನ ಮಕ್ಕಳು ಟಿವಿ ಜೋರಾಗಿ ಹಾಕಿಕೊಂಡಿದ್ದರೂ, ಆಟ ನಿಲ್ಲುವುದಿಲ್ಲ. ಸೀಮೆಸುಣ್ಣದಲ್ಲಿ ಐದೈದು ಮನೆಯ ಚೌಕ, ಕವಡೆಗೆ ಬದಲು ಒಂದು ಬದಿ ಉಜ್ಜಿ ಬಿಳಿ ಮಾಡಿದ ಹುಣಸೆ ಬೀಜ, ಕಾಯಿಗೆ ಬಳೆಚೂರು ಮತ್ತು ಪೊರಕೆ ಕಡ್ಡಿ. ಎಲ್ಲ ಕಡೆ ಇರುವ ಆಟವೇ. ಆದರೆ ಅಮ್ಮ ಬರೆಯುವ ಚೌಕಕ್ಕೆ ಒಂದು ಮೂಲೆಯ ಹೊರಗೆ ಬಾಲದ ಹಾಗೆ ಇನ್ನೊಂದು ಪುಟ್ಟ ಮನೆ ಇರುತ್ತದೆ. ಅದರ ಹೆಸರು ಜಗಲಿ. ಎದುರಾಳಿ ಹೊಡೆದ ಕಾಯಿ ನೇರ ತನ್ನ ಮನೆಗೆ ಹೋಗುವಂತಿಲ್ಲ, ಒಂದು ಸರದಿಯ ಮಟ್ಟಿಗೆ ಜಗಲಿಯಲ್ಲಿ ಕೂತು ಆಮೇಲೆ ಹೊರಡಬೇಕು. “ಏಟು ತಿಂದೋರಿಗೆ ಸುಧಾರಿಸ್ಕಳೋಕೆ ಜಾಗ ಬೇಡ್ವಾ?” ಎನ್ನುತ್ತಾಳೆ. ಅದೇ ಸರಿಯಾದ ಆಟವೆಂದು ನಂಬಿಕೊಂಡು ನಾನು ಮದುವೆಯಾದ ಹೊಸತರಲ್ಲಿ ಗಂಡನ ಮನೆಯಲ್ಲಿ ಜಗಲಿ ಸಮೇತ ಚೌಕ ಬರೆದೆ. ನಾದಿನಿಯರು ಬಿದ್ದು ಬಿದ್ದು ನಕ್ಕರು. ಆಮೇಲೆ ಸುತ್ತಮುತ್ತ ವಿಚಾರಿಸಿದೆ. ಪಕ್ಕದ ಮಧುರೆಯಲ್ಲಾಗಲಿ, ದೇವನಹಳ್ಳಿಯಲ್ಲಾಗಲಿ, ನಮ್ಮೂರಿನ ಬೇರೆ ಮನೆಗಳಲ್ಲೇ ಆಗಲಿ, ಜಗಲಿ ಇಟ್ಟು ಆಡುವವರು ಯಾರೂ ಇರಲಿಲ್ಲ.

ಹೋದ ವರ್ಷ ರಾಗಿ ಕೊಯ್ಲಿನ ಹೊತ್ತಿಗೆ ತವರಿಗೆ ಹೋಗಿದ್ದಾಗ ಬಂಡೆಯ ಬುಡದಲ್ಲಿ ಒಂದು ಕಾರು ನಿಂತಿತ್ತು. ಕಲ್ಲು ಒಡೆಯುವವರು ಅಳತೆಗೆ ಬಂದರೇನೋ ಎಂದು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ನೋಡಿದರೆ ಮೂವತ್ತರ ಆಸುಪಾಸಿನ ಒಬ್ಬಳು ಹೆಂಗಸು, ಸೊಂಟದ ಸುತ್ತ ಲೋಹದ ಸಾಮಾನು ನೇತುಹಾಕಿಕೊಂಡು ನಿಂತಿದ್ದಾಳೆ. ನಡೆದರೆ ಎತ್ತಿನ ಗೆಜ್ಜೆಯ ಹಾಗೆ ಸದ್ದು. ಬೂದಿಗೆರೆಯ ಅಪಾರ್ಟ್‌ಮೆಂಟಿನಲ್ಲಿ ಮನೆ, ವಿಮಾನ ನಿಲ್ದಾಣದಲ್ಲಿ ಕೆಲಸ, ರಜೆ ಸಿಕ್ಕರೆ ಬಂಡೆ ಹತ್ತುವುದು. ಬಂದ ಜಗಳ ಮರೆತು ನಾನು ಸಾಮಾನಿನ ವಿಚಾರಣೆಗೆ ಇಳಿದೆ.

ತಂತಿಗೆ ಪೋಣಿಸಿದ ಬೇರೆ ಬೇರೆ ಗಾತ್ರದ ಲೋಹದ ಬಿಲ್ಲೆಗಳು. ಹಿಡಿ ಎಳೆದರೆ ಮುದುಡಿ, ಬಿಟ್ಟರೆ ಅರಳುವ ಹಲ್ಲಿನ ಚಕ್ರಗಳು. “ಸುತ್ತಿಗೆ ಎಲ್ಲಿ?” ಎಂದೆ.

“ಮೊಳೆ ಹೊಡೆಯಲ್ಲ ಮೇಡಂ. ಬಿರುಕು ಎಲ್ಲಿ ಕಿರಿದಾಗುತ್ತೋ ಅಲ್ಲಿ ಇದನ್ನ ಸಿಕ್ಕಿಸಿ ಹಗ್ಗ ಹಾಕ್ತೀವಿ. ಬಿದ್ರೆ ಕೆಳಕ್ಕೆ ಎಳೆದಷ್ಟೂ ಗಟ್ಟಿಯಾಗಿ ಕೂತ್ಕೊಳ್ಳುತ್ತೆ. ನಮ್ಮ ಹಿಂದಿಂದ ಹತ್ತಿ ಬರೋರು ಎಲ್ಲಾನೂ ಬಿಚ್ಕೊಂಡು ಬರ್ತಾರೆ.”

“ಅಂದ್ರೆ ಹತ್ತಿದ ಗುರುತೇ ಇರಲ್ವಾ?”

“ಇರಬಾರದು. ಇದು ಹಳೇ ಪದ್ಧತಿ. ಬಂಡೆ ಹೆಂಗಿತ್ತೋ ಹಂಗೇ ಇರಬೇಕು.”

ಗುರುತು ಇರಬಾರದು ಎನ್ನುವ ಮಾತು ನನ್ನನ್ನು ಹಿಡಿದುಕೊಂಡಿತು. ನಮ್ಮಪ್ಪನ ಕಷ್ಟವೂ ಅದೇ ಅಲ್ಲವೇ, ಗುರುತಿಲ್ಲದ್ದು? ನಾನು ಗೂಡನ್ನು ತೋರಿಸಿ, ಅಲ್ಲಿಗೆ ಹೋಗಬಹುದಾ ಎಂದೆ. ಅವಳು ಬುಡದಿಂದ ಗೂಡಿನವರೆಗೆ ಓರೆಯಾಗಿ ಏರಿದ ಬಿರುಕನ್ನು ಬಹಳ ಹೊತ್ತು ನೋಡಿ, ಹೋಗಬಹುದು ಎಂದಳು. ನನ್ನನ್ನು ಕರೆದುಕೊಂಡು ಹೋಗುತ್ತೀಯಾ ಎಂದು ಕೇಳಿಯೇಬಿಟ್ಟೆ. ಎಷ್ಟು ಪ್ರಶ್ನೆ ಕೇಳಿದ್ದೆನೆಂದರೆ, ಬೇಡವೆಂದರೆ ಇನ್ನೂ ಕೇಳುತ್ತಾಳೆ ಎಂದು ಹೆದರಿ ಒಪ್ಪಿದಳಂತೆ. ಆಮೇಲೆ ಅವಳೇ ಹೇಳಿದ್ದು.

ಆ ಚಳಿಗಾಲವೆಲ್ಲ ಭಾನುವಾರಗಳಂದು ಸಣ್ಣ ಬಂಡೆಗಳ ಮೇಲೆ ಕಲಿತೆ. ಬಿರುಕಿಗೆ ಅಂಗೈ ತೂರಿಸಿ, ಒಳಗೆ ಹೆಬ್ಬೆರಳು ಮಡಚಿದರೆ ಕೈ ಉಬ್ಬಿ ಕೂತುಬಿಡುತ್ತದೆ, ಬೇಕೆಂದರೂ ಜಾರುವುದಿಲ್ಲ. ನನ್ನದೇ ಕೈ ಬೀಗವಾಗುವ ಈ ಸೋಜಿಗಕ್ಕೆ ನಾನು ಮರುಳಾದೆ. ಅಂಗೈ ಹಿಂಭಾಗವೆಲ್ಲ ತರಚಿ ಹೋಯಿತು. “ನಲವತ್ತೈದಕ್ಕೆ ಕೋತಿ ಬುದ್ಧಿ” ಎಂದ ನನ್ನ ಗಂಡ, ಆದರೆ ಮುಲಾಮು ಹಚ್ಚಿದವನೂ ಅವನೇ.

ಬೇಸಿಗೆಗೆ ಮುಂಚೆ, ಒಂದು ಶನಿವಾರ, ತವರಿನಲ್ಲಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. “ಅಪ್ಪ, ನಾಳೆ ನಿನ್ನ ಗೂಡಿಗೆ ಹೋಗ್ತಿದೀನಿ. ಇನ್ಮೇಲೆ ಊರೋರ ಬಾಯಿ ಮುಚ್ಚಿಸ್ತೀನಿ.”

ಅಪ್ಪ ಹಿಗ್ಗುತ್ತಾನೆ ಎಂದುಕೊಂಡಿದ್ದೆ. ಅವನು ಮುದ್ದೆ ಮುರಿಯುತ್ತಿದ್ದ ಕೈಯನ್ನು ನಿಲ್ಲಿಸಿದ. “ಯಾಕಮ್ಮ ಸುಮ್ನೆ? ಹೆಜ್ಜೇನಿರ್ತದೆ. ಬ್ಯಾಡ ಬಿಡು.”

“ಜೇನಿಲ್ಲ, ನೋಡಿದೀವಿ.”

“ಹಳೇ ವಿಷ್ಯ ಕಣವ್ವ ಅದು. ಯಾರಿಗ್ ಬೇಕು?” ಎಂದವನು ಅಮ್ಮನ ಮುಖ ನೋಡಿದ. ಅಮ್ಮ ಸಾರಿನ ಪಾತ್ರೆಯಿಂದ ತಲೆ ಎತ್ತದೆ, “ಹೋಗ್ಲಿ ಬಿಡಿ. ನೋಡ್ಕಂಡ್ ಬರ್ಲಿ” ಎಂದಳು.

ನನಗೆ ಖಾತ್ರಿಯಾಯಿತು. ಅಪ್ಪ ಸುಳ್ಳು ಹೇಳಿದ್ದಾನೆ, ಸಿಕ್ಕಿಬೀಳುವ ಹೆದರಿಕೆ ಅವನಿಗೆ. ಹತ್ತಿ ಅದನ್ನು ಸಾಬೀತು ಮಾಡುವವಳು ನಾನೇ ಆಗಬೇಕೇ? ನಿಜ ಹೇಳುತ್ತೇನೆ, ಹೋಗುವುದು ಬೇಡವೆಂದೂ ಅನ್ನಿಸಿತು. ಆದರೆ ಮುಚ್ಚಿದ ಪಾತ್ರೆಯ ತಟ್ಟೆ ಎತ್ತದೆ ಬಿಟ್ಟವಳಲ್ಲ ನಾನು.

ಬೆಳಗ್ಗೆ ಬಂಡೆ ತಣ್ಣಗಿತ್ತು. ಬೂದಿಗೆರೆಯವಳು ಮೊದಲು ಹತ್ತಿದಳು, ನಾನು ಕೆಳಗೆ ನಿಂತು ಹಗ್ಗ ಬಿಡುತ್ತಾ ಹೋದೆ. ಒಂದೊಂದು ಬಿಲ್ಲೆ ಸಿಕ್ಕಿಸಿದಾಗಲೂ ಅದನ್ನು ಒಮ್ಮೆ ಎಳೆದು ನೋಡುತ್ತಿದ್ದಳು. ನಡುವೆ ಒಂದು ಕಡೆ ನಿಂತು, “ಅಕ್ಕಾ, ಇಲ್ಲೊಂದು ತಮಾಷೆ ಇದೆ. ನೀವು ಬಂದಾಗ ನೋಡಿ!” ಎಂದು ಕೂಗಿದಳು. ಏನದು ಎಂದರೆ ಹೇಳಲಿಲ್ಲ. ನನ್ನ ಚಾಳಿ ಅವಳಿಗೆ ಚೆನ್ನಾಗಿ ಗೊತ್ತಾಗಿತ್ತು. ಗೂಡು ತಲುಪಿ, ಅಲ್ಲಿ ಹಗ್ಗ ಭದ್ರ ಮಾಡಿ, ಬನ್ನಿ ಎಂದಳು.

ಹತ್ತಿದೆ. ದೂರದಿಂದ ಬೂದು ಬಣ್ಣವಾಗಿ ಕಾಣುವ ಬಂಡೆ ಹತ್ತಿರದಿಂದ ಬೂದು ಅಲ್ಲವೇ ಅಲ್ಲ. ಗುಲಾಬಿ ಹರಳು, ಬಿಳಿ ಹರಳು, ನಡುನಡುವೆ ಮಿನುಗುವ ಕಾಗೆಬಂಗಾರ. ಕಲ್ಲುಹೂವಿನ ಹಳದಿ ತೇಪೆಗಳು. ಬಿರುಕಿನ ಒಳಗಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಒಳಗೆಲ್ಲಿಂದ ಗಾಳಿ ಬರುತ್ತದೆ ಎಂದು ಯೋಚಿಸುತ್ತಾ ಹೆದರಿಕೆ ಮರೆತೆ. ಅವಳು ಸಿಕ್ಕಿಸಿದ್ದನ್ನು ಒಂದೊಂದಾಗಿ ಬಿಚ್ಚಿ ಸೊಂಟಕ್ಕೆ ನೇತುಹಾಕಿಕೊಂಡೆ. ತಲೆ ಮೇಲೆ ವಿಮಾನವೊಂದು ಹೊಟ್ಟೆ ತೋರಿಸಿಕೊಂಡು ಇಳಿಯಿತು. ಒಮ್ಮೆ ಕೆಳಗೆ ನೋಡಿದೆ. ನಮ್ಮ ಮನೆಯ ಹಿತ್ತಲಲ್ಲಿ ಅಪ್ಪ ನಿಂತಿದ್ದ, ಕಣ್ಣಿಗೆ ಕೈ ಅಡ್ಡ ಹಿಡಿದು. ಮತ್ತೆ ಕೆಳಗೆ ನೋಡಲಿಲ್ಲ.

ಬಿರುಕು ಅಗಲವಾಗಿ, ಕೈ ಸಿಕ್ಕಿಸಿದರೆ ಸಡಿಲವಾಗುವ ಜಾಗದಲ್ಲಿ ಅವಳು ಹೇಳಿದ ತಮಾಷೆ ಇತ್ತು. ಬಿರುಕಿನೊಳಗೆ ಒಂದು ಕಲ್ಲು. ಅದರ ಮೇಲೆ, ಒಂದು ಹೆಜ್ಜೆ ಅಂತರದಲ್ಲಿ, ಇನ್ನೊಂದು. ಅದರ ಮೇಲೆ ಮತ್ತೊಂದು. ಮೇಲಿನಿಂದ ಉರುಳಿ ಬಂದು ಕೂತವಲ್ಲ. ಕಿರಿದಾದ ತುದಿ ಕೆಳಗೆ ಮಾಡಿ ಇಟ್ಟು, ಅಲುಗದ ಹಾಗೆ ಪಕ್ಕಕ್ಕೆ ಚಕ್ಕೆಕಲ್ಲು ಕೊಟ್ಟು ಕೂರಿಸಿದವು. ಹೊಲದ ಬದುವಿಗೆ ಕಲ್ಲು ಕಟ್ಟುವಾಗ ನಮ್ಮವರು ಹೀಗೆಯೇ ಸಂದಿಗೆ ಚಕ್ಕೆ ಕೊಡುತ್ತಾರೆ. ಮೆಟ್ಟಿ ನೋಡಿದೆ, ಮಿಸುಕಲಿಲ್ಲ.

“ನೋಡಿದ್ರಾ?” ಮೇಲಿನಿಂದ ಅವಳ ದನಿ. “ನಮ್ಮ ಬಿಲ್ಲೆ ಮಾಡೋ ಕೆಲಸಾನೇ ಅದು. ಯಾರೋ ನಮಗಿಂತ ಮುಂಚೆ ಹತ್ತಿದಾರೆ ಅಕ್ಕಾ.”

ನನಗೆ ಅಳು ಬಂದುಬಿಟ್ಟಿತು. ಅಪ್ಪ ಸುಳ್ಳನಲ್ಲ. ನಡುಬಂಡೆಯಲ್ಲಿ, ಒಂದು ಕೈ ಬಿರುಕಿನಲ್ಲಿ ಸಿಕ್ಕಿಸಿಕೊಂಡು, ಮೂಗು ಒರೆಸಲು ಇನ್ನೊಂದು ಕೈ ಬಿಡಲಾಗದೆ ಗೊಳೋ ಎಂದು ಅತ್ತೆ. ಅವಳು ಗಾಬರಿಯಾಗಿ ಹಗ್ಗ ಬಿಗಿ ಮಾಡಿದಳು. ಬಿಗಿಯಾದ ಹಗ್ಗದ ಆಸರೆಯಲ್ಲಿ ಆ ಮೂರು ಕಲ್ಲು ಮೆಟ್ಟಿಕೊಂಡು ನಾನು ಗೂಡಿನೊಳಕ್ಕೆ ಹೊಟ್ಟೆಯ ಮೇಲೆ ತೆವಳಿದೆ.

ಗೂಡು ನಮ್ಮ ಅಡುಗೆಮನೆಯಷ್ಟಿತ್ತು. ಒಂದು ಬದಿ ಮಣ್ಣು ಸೇರಿ, ಪೊರಕೆಗೆ ಬಳಸುವ ಹಂಚಿಕಡ್ಡಿ ಹುಲ್ಲು ಸೊಂಟದೆತ್ತರ ಬೆಳೆದಿತ್ತು. ಗೂಬೆಯ ಪುಕ್ಕಗಳು, ಇಲಿಯ ಮೂಳೆಗಳು. ಇಷ್ಟು ವರ್ಷ ಕಾದದ್ದು ಇದಕ್ಕೇನಾ ಎಂದು ನಗುತ್ತಾ, ಅಪ್ಪನಿಗೆ ತೋರಿಸಲು ಫೋಟೋ ತೆಗೆಯುತ್ತಾ ಹೋದೆ. ನೆಲದ ಮೇಲಿನ ಒಣ ಹುಲ್ಲನ್ನು ಕಾಲಲ್ಲಿ ಸರಿಸಿದಾಗ ಗೆರೆಗಳು ಕಂಡವು. ಕೂತು ಕೈಯಿಂದ ಉಜ್ಜಿದೆ. ಗಟ್ಟಿ ಬೆಣಚುಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದ ಗೆರೆಗಳು. ಐದು ಸಾಲು, ಐದು ಮನೆ. ಚೌಕಾಬಾರ.

ಮೂಲೆಯ ಹೊರಗೆ, ಬಾಲದ ಹಾಗೆ, ಒಂದು ಪುಟ್ಟ ಮನೆ.

ನಾನು ಆ ಮನೆಯ ಗೆರೆಯ ಮೇಲೆ ಬೆರಳಾಡಿಸಿದೆ. “ಏನಾಯ್ತಕ್ಕ?” ಎಂದಳು ಅವಳು. ನನ್ನ ಬಾಯಿಂದ “ಜಗಲಿ” ಎಂಬ ಒಂದು ಮಾತಷ್ಟೇ ಹೊರಟಿತು. ಗೂಡಿನಲ್ಲಿ ಕೊಂಬಿನ ಹಾಗೆ ಎದ್ದ ಕಲ್ಲೊಂದಕ್ಕೆ ಹಗ್ಗ ಬಳಸಿ ಇಬ್ಬರೂ ಇಳಿದೆವು. ಇಳಿದ ಮೇಲೆ ಹಗ್ಗವನ್ನೂ ಎಳೆದುಕೊಂಡೆವು. ಕಲ್ಲಿನ ಮೆಟ್ಟಿಲು, ಚೌಕ ಎರಡನ್ನೂ ಇದ್ದ ಹಾಗೇ ಬಿಟ್ಟು ಬಂದೆವು.

ಮನೆಗೆ ಬಂದಾಗ ಅಮ್ಮ ಹಿತ್ತಲ ಕಲ್ಲಿನ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅಪ್ಪ ಪಕ್ಕದಲ್ಲಿ ನಿಂತೇ ಇದ್ದ. ನಾನು ಮಾತಾಡದೆ ಫೋನನ್ನು ಅಮ್ಮನ ಮುಂದೆ ಹಿಡಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡಳು. ಕಣ್ಣಿನ ಹತ್ತಿರ ತಂದಳು, ದೂರ ಹಿಡಿದಳು.

“ಜಗಲಿ ಇನ್ನೂ ಐತಲ್ಲೇ” ಎಂದಳು.

ಅಪ್ಪ ಅಲ್ಲೇ ಕುಕ್ಕರಿಸಿದ.

ಆಮೇಲೆ ಅಮ್ಮ ಅವರೆಕಾಯಿ ಬಿಡಿಸುತ್ತಲೇ ಎಲ್ಲ ಹೇಳಿದಳು. ಮೊದಲು ಹತ್ತಿದ್ದು ಪೊರಕೆ ಕಡ್ಡಿಗಾಗಿ. ಬಂಡೆಯ ಸುತ್ತ ಕೈಗೆ ಸಿಗುವುದನ್ನೆಲ್ಲ ಬೇರೆ ಹೆಂಗಸರು ಕೊಯ್ದುಬಿಡುತ್ತಿದ್ದರು, ಗೂಡಿನದನ್ನು ಮುಟ್ಟುವವರಿರಲಿಲ್ಲ. ಜಾರುವ ಕಡೆಗೆ ಉಡಿಯಲ್ಲಿ ಒಂದೊಂದೇ ಕಲ್ಲು ಹೊತ್ತು ಕೂರಿಸಿದಳು. ಆಮೇಲೆ ಕಡ್ಡಿ ಬೇಕಿಲ್ಲದಿದ್ದರೂ ಹತ್ತಿದಳು.

“ಯಾಕಮ್ಮ?”

“ಮನೇಲಿ ಹನ್ನೆರಡು ಜನ. ಒಬ್ರಲ್ಲ ಒಬ್ರು ಕೂಗ್ತಾನೇ ಇರೋರು. ಅಲ್ಲಿ ಕೂತ್ರೆ ಯಾರೂ ಕೂಗ್ತಿರ್ಲಿಲ್ಲ.”

“ಚೌಕಾಬಾರ ಯಾರ ಜೊತೆ ಆಡ್ತಿದ್ದೆ?”

“ಯಾರ್ ಬರ್ತಾರೆ ಅಲ್ಲಿಗೆ? ಎರಡೂ ಕಡೆ ನಾನೇ. ನನ್ ಕಾಯ್ನ ನಾನೇ ಹೊಡೀಬೇಕಲ್ಲ, ಪಾಪ ಅನ್ನಿಸ್ತು. ಜಗಲಿ ಮಾಡ್ದೆ.”

ಆ ಸಂಜೆ ಊರವರು ಕಂಡದ್ದು ಅವಳನ್ನೇ. ತಾತ, ಅಂದರೆ ಅವಳಪ್ಪ, ಸಿಟ್ಟಿಗೆ ಹೆಸರಾದವನು. ವಿಷಯ ತಿಳಿದಿದ್ದರೆ ಕಾಲು ಮುರಿದು ಮನೆಯಲ್ಲಿ ಕೂರಿಸುತ್ತಿದ್ದ. ಸೋದರತ್ತೆಯ ಮಗ, ನಮ್ಮಪ್ಪ, ಅವಳು ಹತ್ತುವುದನ್ನು ಅದಕ್ಕೂ ಮುಂಚೆ ಒಮ್ಮೆ ಕಂಡಿದ್ದ, ಯಾರಿಗೂ ಹೇಳಿರಲಿಲ್ಲ. ಹುಡುಗಿ ಎಂಬ ಮಾತು ಊರಲ್ಲಿ ಓಡಾಡತೊಡಗಿದಾಗ, ಅವಳ ಹೆಸರು ಬರುವ ಮುಂಚೆ, ಹೋಗಿ ನಾನೇ ಎಂದುಬಿಟ್ಟ.

“ಹತ್ತಿ ತೋರ್ಸು ಅಂತಾರೆ ಅಂತ ಹೊಳೀಲೇ ಇಲ್ಲ ಕಣಮ್ಮ” ಎಂದ ಅಪ್ಪ. “ನಾನು ಕಂಡ ದಿನ ಇವಳು ಇಳಿಯೋವರ್ಗೂ ಕೆಳಗೆ ನಿಂತು ಜೀವ ಕೈಲಿಡ್ಕಂಡಿದ್ದೆ. ಇವತ್ತು ನೀನು ಹತ್ತೋವಾಗಲೂ ಹಂಗೇ ಆಯ್ತು.”

“ಮತ್ತೆ ನೀನು ಯಾಕೆ ಅಪ್ಪನ್ನ ಆಡ್ಕೊಂಡಿದ್ದು?” ಅಮ್ಮನನ್ನು ಕೇಳಿದೆ. ನನಗೆ ನಿಜಕ್ಕೂ ಕೋಪ ಬಂದಿತ್ತು.

“ಇವರು ಹತ್ತಿಲ್ಲ ಅಂತ ನಂಗೊಬ್ಬಳಿಗೇ ಅಲ್ವಾ ಗೊತ್ತಿದ್ದಿದ್ದು? ಹತ್ತಿದಾರೆ ಅಂತ ಸುಳ್ಳು ಹೇಳೋಕೆ ನಂಗೆ ಬಾಯಿ ಬರ್ಲಿಲ್ಲ.” ಅವಳು ಇನ್ನೊಂದು ಕಾಯಿ ಸುಲಿದಳು. ಆಮೇಲೆ, “ತಪ್ಪೇ ಅದು” ಎಂದಳು, ನನಗಲ್ಲ, ಅಪ್ಪನಿಗೆ.

ಮಾರನೆಯ ಬೆಳಗ್ಗೆ ಹಾಲಿನ ಡೈರಿಗೆ ಮೂವರೂ ಹೋದೆವು. ಊರೆಲ್ಲ ಕ್ಯಾನು ಹಿಡಿದು ಸಾಲಾಗಿ ನಿಲ್ಲುವ ಜಾಗ ಅದು. ಹಾಲು ಅಳೆಯುವವನು ನನಗೆ ವರಸೆಯಲ್ಲಿ ಅಣ್ಣನಾಗಬೇಕು. ನನ್ನನ್ನು ಕಂಡವನೇ, “ಏನವ್ವ, ಹಗ್ಗ ಕಟ್ಕಂಡ್ ಹೋಗಿದ್ಯಂತೆ? ಸಿಕ್ತಾ ಭೂಪನ ಗುರುತು?” ಎಂದ. ಸಾಲಿನಲ್ಲಿದ್ದವರು ನಕ್ಕರು. ಅಪ್ಪ ಎಂದಿನಂತೆ ನಗಲು ಬಾಯಿ ತೆರೆದ.

ಅಮ್ಮ ಕ್ಯಾನನ್ನು ನೆಲದ ಮೇಲಿಟ್ಟಳು. “ಹತ್ತಿದ್ದು ಇವರಲ್ಲ, ನಾನು” ಎಂದಳು. “ನಂಗೆ ಬೈತಾರೆ ಅಂತ ಇವರು ತಮ್ ತಲೆ ಮೇಲೆ ಹಾಕ್ಕಂಡ್ರು. ಇನ್ಮೇಲೆ ಇವರನ್ನ ಯಾರೂ ಆಡ್ಕಬೇಡಿ.”

ಹಾಲು ಅಳೆಯುವವನು ಅಳತೆ ನಿಲ್ಲಿಸಿ ಅಮ್ಮನ ಕಡೆ ತಿರುಗಿದ. ಆಮೇಲೆ ಸಾಲಿನ ಹಿಂದಿನಿಂದ ಯಾರೋ, “ಗಂಡಂದು ಮುಗೀತು, ಈಗ ಹೆಂಡ್ತೀದು ಶುರುವಾಯ್ತು ಗುರು!” ಎಂದರು. ಡೈರಿಯೇ ಹಾರಿಹೋಗುವ ಹಾಗೆ ನಕ್ಕರು. ಅಪ್ಪ ಮುಂದೆ ಬಂದು ಕೈ ಎತ್ತಿ, “ದೇವರಾಣೆ ಕಣ್ರೋ, ನಾನು ಹತ್ತಿಲ್ಲ. ಇವಳು ಹತ್ತಿದ್ದನ್ನ ಕಣ್ಣಾರೆ ನೋಡಿದೀನಿ” ಎಂದ. ಮೊದಲರ್ಧವನ್ನು ಎಲ್ಲರೂ ಆ ಕ್ಷಣವೇ ನಂಬಿದರು. ಉಳಿದರ್ಧವನ್ನು ಒಬ್ಬರೂ ನಂಬಲಿಲ್ಲ. ನಾನು ಫೋಟೋ ತೋರಿಸಿದೆ. ಚೌಕಾಬಾರ ಯಾರು ಬೇಕಾದರೂ ಬರೆಯಬಹುದು ಎಂದರು. ಜಗಲಿಯ ವಿಷಯ ಅವರಿಗೆಲ್ಲಿ ಅರ್ಥವಾಗಬೇಕು?

ಮನೆಗೆ ವಾಪಸು ಬರುವಾಗ ಅಮ್ಮ ಸಿಟ್ಟಿನಲ್ಲಿ ನಮ್ಮಿಬ್ಬರಿಗಿಂತ ಮುಂದೆ ನಡೆಯುತ್ತಿದ್ದಳು. ಬಂಡೆ ಕಾಣುವ ತಿರುವಿನಲ್ಲಿ ನಿಂತು, ಗೂಡನ್ನೇ ನೋಡಿ, ನನ್ನ ಕಡೆ ತಿರುಗಿದಳು.

“ಆ ಹುಡುಗಿ ಮತ್ತೆ ಯಾವಾಗ ಬರ್ತಾಳೆ?”

“ಬರೋ ಭಾನುವಾರ. ಯಾಕೆ?”

“ಆ ಹಗ್ಗ ನನ್ ಭಾರ ತಡೀತದಾ?”

ನಾನು ನಗಬೇಕೋ ಬೈಯಬೇಕೋ ತಿಳಿಯದೆ ಅಪ್ಪನ ಕಡೆ ನೋಡಿದೆ. ಬೇಡವೆನ್ನುತ್ತಾನೆ ಎಂದುಕೊಂಡೆ. ಅವನು ಖಾಲಿ ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡ.

“ಹತ್ತಲಿ ಬಿಡು. ನಾನು ಕೆಳಗೆ ನಿಂತಿರ್ತೀನಿ” ಎಂದ. “ಯಾರಾದ್ರೂ ನೋಡಿ ಕೇಳಿದ್ರೆ, ನಾನೇ ಅಂತೀನಿ.”